ಪಾಪ ಸಮುದ್ರಕ್ಕೆ, ಆಯುಧ ಕುಲುಮೆಗೆ: ಸಾಗರತಳದ ಅಣ್ವಸ್ತ್ರಗಳು ಮತ್ತು ಮೀಕನ ಎರಡು ಚಿತ್ರಗಳು

ಪ್ರವಾದಿಯಾದ ಮೀಕನ ಗ್ರಂಥದ ಕಡೆಯ ಅಧ್ಯಾಯದಲ್ಲಿ ದೇವರ ಕ್ಷಮೆಯ ಒಂದು ಚಿತ್ರವಿದೆ. ದೇವರು ತನ್ನ ಜನರ ಪಾಪಗಳನ್ನೆಲ್ಲ ಸಮುದ್ರದ ಆಳಕ್ಕೆ ಹಾಕಿಬಿಡುವನೆಂದು ಪ್ರವಾದಿಯು ಭರವಸೆ ಕೊಡುತ್ತಾನೆ (ಮೀಕ 7:19). ಈ ವಚನವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಒಂದು ಮಾತನ್ನು ಸೇರಿಸುತ್ತೇವೆ: ಸಮುದ್ರದ ತಳ ಸೇರಿದ್ದನ್ನು ಯಾರೂ ಮತ್ತೆ ಕಾಣಲಾರರು, ಅಲ್ಲಿಗೆ ಹೋದದ್ದು ಹೋದಂತೆಯೇ. ಪ್ರವಾದಿಯ ಕಾಲದ ಕೇಳುಗರಿಗೆ ಈ ಮಾತು ಸಹಜವಾಗಿ ಒಪ್ಪಿಗೆಯಾಗಿದ್ದಿರಬೇಕು. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಈಚೆಗೆ ಅದನ್ನು ಅಷ್ಟು ಸುಲಭವಾಗಿ ಹೇಳುವಂತಿಲ್ಲ. ರಾಷ್ಟ್ರಗಳು ತಮ್ಮ ಅತ್ಯಂತ ಭಯಾನಕ ಆಯುಧಗಳಲ್ಲಿ ಕೆಲವನ್ನು ಸಮುದ್ರದ ತಳದಲ್ಲಿ ಬಿಟ್ಟಿವೆ. ಕಣ್ಣಿಗೆ ಕಾಣದಿದ್ದರೂ ಅವು ಇಂದಿಗೂ ಅಲ್ಲಿಯೇ ಇವೆ.

ಈ ಲೇಖನದಲ್ಲಿ ನಾವು ಮೂರು ಕಾರ್ಯಗಳನ್ನು ಮಾಡಬಯಸುತ್ತೇವೆ. ಮೊದಲನೆಯದಾಗಿ, ಸಾಗರತಳದಲ್ಲಿ ಏನಿದೆ, ಅದು ಅಲ್ಲಿಗೆ ಹೇಗೆ ಹೋಯಿತು ಎಂಬುದನ್ನು ವಿವರಿಸುತ್ತೇವೆ. ಎರಡನೆಯದಾಗಿ, ಅದನ್ನು ಮೀಕನ ಗ್ರಂಥದ ಬೆಳಕಿನಲ್ಲಿ ನೋಡುತ್ತೇವೆ. ಮೂರನೆಯದಾಗಿ, ಪೀಣ್ಯ, ಜಾಲಹಳ್ಳಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸಭೆಗಳಲ್ಲಿ ಸೇವೆಗೆ ಹೋಗುವ ಸೆಮಿನರಿ ವಿದ್ಯಾರ್ಥಿಗಳಿಗೂ ಸಭಾಪಾಲಕರಿಗೂ ಇದರಿಂದ ಬರುವ ಹೊಣೆ ಯಾವುದೆಂದು ವಿಚಾರಿಸುತ್ತೇವೆ. ಸಮುದ್ರದಿಂದ ನೂರಾರು ಕಿಲೋಮೀಟರ್ ದೂರವಿರುವ ಈ ಕೈಗಾರಿಕಾ ಪ್ರದೇಶಗಳಿಗೂ ಸಾಗರತಳಕ್ಕೂ ಏನು ಸಂಬಂಧವೆಂಬ ಪ್ರಶ್ನೆಗೆ ಮುಂದೆ ಉತ್ತರ ದೊರೆಯುವುದು.

1. ತಳದಲ್ಲಿ ಇರುವುದೇನು?

1963ನೆಯ ಇಸವಿಯ ಪವಿತ್ರ ವಾರದ ಬುಧವಾರ, ಏಪ್ರಿಲ್ 10ರಂದು, ಅಮೆರಿಕದ ಪರಮಾಣುಚಾಲಿತ ಜಲಾಂತರ್ಗಾಮಿ ‘ಥ್ರೆಶರ್’ ಅಟ್ಲಾಂಟಿಕ್ ಸಾಗರದಲ್ಲಿ ಆಳದ ಪರೀಕ್ಷೆಗಾಗಿ ಇಳಿಯುತ್ತಿದ್ದಾಗ ಮುಳುಗಿತು. ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ತಾಳಿಕೊಳ್ಳುವ ಮಿತಿಯನ್ನು ಮೀರಿ ಇಳಿದ ನೌಕೆಯ ಒಡಲು ಕ್ಷಣಮಾತ್ರದಲ್ಲಿ ಒಳಕ್ಕೆ ಕುಸಿಯಿತು. 129 ಮಂದಿ ಸತ್ತರು. ನೌಕೆಯ ಚೂರುಗಳು ಸುಮಾರು 2,600 ಮೀಟರ್ ಆಳದಲ್ಲಿ ಬಿದ್ದಿವೆ. ಮರುದಿನ, ಪ್ರಭುಭೋಜನದ ಸ್ಥಾಪನೆಯನ್ನು ಸ್ಮರಿಸುವ ಗುರುವಾರದ ದಿನಾಂಕವನ್ನು ಹೊತ್ತು, ಪೋಪ್ ಇಪ್ಪತ್ತಮೂರನೆಯ ಯೋಹಾನರ ‘ಪಾಚೆಮ್ ಇನ್ ತೆರ್ರಿಸ್’ ಪರಿಪತ್ರವು ಹೊರಬಂದಿತು. ಅಣ್ವಸ್ತ್ರಗಳನ್ನು ನಿಷೇಧಿಸಬೇಕೆಂದು ಅದು ರಾಷ್ಟ್ರಗಳನ್ನು ಕೇಳಿಕೊಂಡಿತು.

‘ಥ್ರೆಶರ್’ ಮೊದಲನೆಯದು. 1968ರ ಮೇ 22ರಂದು ಅಮೆರಿಕದ ‘ಸ್ಕಾರ್ಪಿಯನ್’ 99 ಮಂದಿಯೊಡನೆ ಅಜೋರ್ಸ್ ದ್ವೀಪಗಳ ನೈರುತ್ಯಕ್ಕೆ ಮುಳುಗಿತು. ಐದು ದಿನಗಳ ನಂತರ ಅದು ನಾರ್ಫೋಕ್ ಬಂದರಿಗೆ ಬರಬೇಕಾಗಿತ್ತು. ನಾವಿಕರ ಹೆಂಡಂದಿರೂ ಮಕ್ಕಳೂ ದಡದಲ್ಲಿ ಕಾದು ನಿಂತಿದ್ದರು, ನೌಕೆ ಬರಲಿಲ್ಲ. ಅದರೊಡನೆ ಅಣುಸಿಡಿತಲೆಯುಳ್ಳ ಎರಡು ಟಾರ್ಪೆಡೊಗಳೂ ಮುಳುಗಿದವು. ಅದೇ ವರ್ಷದ ಮಾರ್ಚ್ ತಿಂಗಳಿನಲ್ಲಿ ಸೋವಿಯತ್ ಒಕ್ಕೂಟದ ಕೆ-129 ಶಾಂತಸಾಗರದಲ್ಲಿ 98 ಮಂದಿಯೊಡನೆ ಕಾಣೆಯಾಗಿತ್ತು. ಅದು ಡೀಸೆಲ್ ಎಂಜಿನಿನ ನೌಕೆಯಾದರೂ ಅಣುಕ್ಷಿಪಣಿಗಳನ್ನು ಹೊತ್ತಿತ್ತು. 1970ರ ಏಪ್ರಿಲ್‌ನಲ್ಲಿ ಬಿಸ್ಕೆ ಕೊಲ್ಲಿಯಲ್ಲಿ ಕೆ-8 ಮುಳುಗಿ 52 ಮಂದಿ ಸತ್ತರು. 1986ರ ಅಕ್ಟೋಬರ್‌ನಲ್ಲಿ ಕೆ-219 ತನ್ನ ಕ್ಷಿಪಣಿಗಳೊಡನೆ ಅಟ್ಲಾಂಟಿಕ್‌ನ 5,000 ಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿಯಿತು. 1989ರ ಏಪ್ರಿಲ್ 7ರಂದು ‘ಕೊಮ್ಸೊಮೊಲೆಟ್ಸ್’ ನಾರ್ವೆಯ ಸಮುದ್ರದಲ್ಲಿ ಮುಳುಗಿ 42 ಮಂದಿ ಸತ್ತರು. ಅದರಲ್ಲಿಯೂ ಎರಡು ಅಣು ಟಾರ್ಪೆಡೊಗಳಿದ್ದವು. ಇವುಗಳಲ್ಲದೆ, ಕೆಟ್ಟುಹೋದ ರಿಯಾಕ್ಟರನ್ನು ಹೊತ್ತ ಕೆ-27ನ್ನು ಸೋವಿಯತ್ ನೌಕಾಪಡೆಯೇ 1982ರಲ್ಲಿ ಕಾರಾ ಸಮುದ್ರದ ಕಡಿಮೆ ಆಳದ ನೀರಿನಲ್ಲಿ ಬೇಕೆಂದೇ ಮುಳುಗಿಸಿತು. ಸೇವೆಯಿಂದ ನಿವೃತ್ತವಾದ ಕೆ-159ನ್ನು 2003ರಲ್ಲಿ ಒಡೆಯಲು ಎಳೆದೊಯ್ಯುತ್ತಿದ್ದಾಗ ಅದೂ ಮುಳುಗಿತು. ಹೀಗೆ ಇಂದಿಗೂ ತಳದಲ್ಲಿ ಉಳಿದಿರುವ ಪರಮಾಣುಚಾಲಿತ ಜಲಾಂತರ್ಗಾಮಿಗಳು ಏಳು.

ವಿಮಾನಗಳಿಂದ ಬಿದ್ದ ಬಾಂಬುಗಳ ಕಥೆ ಬೇರೆ. 1966ರ ಜನವರಿಯಲ್ಲಿ ಸ್ಪೇನಿನ ಪಾಲೊಮಾರೆಸ್ ಎಂಬ ಊರಿನ ಮೇಲೆ ಎರಡು ಅಮೆರಿಕನ್ ವಿಮಾನಗಳು ಡಿಕ್ಕಿಯಾಗಿ ನಾಲ್ಕು ಅಣುಬಾಂಬುಗಳು ಕೆಳಗೆ ಬಿದ್ದವು. ಮೂರು ನೆಲಕ್ಕೆ ಬಿದ್ದವು. ನಾಲ್ಕನೆಯದು ಸಮುದ್ರಕ್ಕೆ ಬಿದ್ದಿತು. ಅದು ಬಿದ್ದ ಜಾಗವನ್ನು ಕಣ್ಣಾರೆ ಕಂಡಿದ್ದ ಫ್ರಾನ್ಸಿಸ್ಕೊ ಸಿಮೊ ಎಂಬ ಮೀನುಗಾರನ ಸಾಕ್ಷ್ಯವು ಶೋಧನೆಗೆ ದೊಡ್ಡ ನೆರವಾಯಿತು; ಏಪ್ರಿಲ್ 7ರಂದು ಬಾಂಬನ್ನು ಮೇಲೆತ್ತಲಾಯಿತು. ಅದಕ್ಕೂ ಕೆಲವು ವಾರಗಳ ಮೊದಲು, 1965ರ ಡಿಸೆಂಬರ್ 5ರಂದು, ‘ಟಿಕೊಂಡೆರೊಗ’ ಎಂಬ ವಿಮಾನವಾಹಕ ನೌಕೆಯ ಲಿಫ್ಟಿನಿಂದ ಒಂದು ವಿಮಾನವು ಉರುಳಿ, ಚಾಲಕನೊಡನೆಯೂ ಒಂದು ಜಲಜನಕ ಬಾಂಬಿನೊಡನೆಯೂ ಸಮುದ್ರಕ್ಕೆ ಬಿತ್ತು. ಅದು ಇನ್ನೂ ಸುಮಾರು 4,900 ಮೀಟರ್ ಆಳದಲ್ಲಿಯೇ ಇದೆ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಈ ಯಾವ ನೌಕೆಯೂ ಯುದ್ಧದಲ್ಲಿ ಮುಳುಗಲಿಲ್ಲ. ಬೆಂಕಿ, ಸೋರಿಕೆ, ಸ್ಫೋಟ, ಎಳೆಯುವ ಹಗ್ಗದ ತುಂಡಾಗುವಿಕೆ ಮುಂತಾದ ಅಪಘಾತಗಳೇ ಕಾರಣ. ಶಾಂತಿಯ ಕಾಲವೆಂದು ನಾವು ಕರೆಯುವ ವರ್ಷಗಳಲ್ಲಿಯೇ ಇವೆಲ್ಲವೂ ನಡೆದವು.

2. ನೀರಿನಡಿಯಲ್ಲಿ ಅವು ಏನಾಗುತ್ತವೆ?

ತಳದಲ್ಲಿರುವ ಸಿಡಿತಲೆಗಳು ತಾವಾಗಿಯೇ ಅಣುಸ್ಫೋಟಗೊಳ್ಳುವ ಸಂಭವವು ಇಲ್ಲವೆಂಬಷ್ಟು ಕಡಿಮೆ. ಅಣುಸ್ಫೋಟಕ್ಕೆ ಪ್ಲುಟೋನಿಯಮ್ ಗೋಳವನ್ನು ಸುತ್ತಲಿನ ಸಿಡಿಮದ್ದು ಎಲ್ಲ ಕಡೆಯಿಂದಲೂ ಏಕಕಾಲದಲ್ಲಿ ಒತ್ತಬೇಕು. ನೀರು ಸೇರಿ ತುಕ್ಕು ಹಿಡಿದ ಯಂತ್ರದಲ್ಲಿ ಅಂಥ ನಿಖರತೆ ಉಳಿಯುವುದಿಲ್ಲ. ಆದುದರಿಂದ ಸಭೆಗಳಲ್ಲಿ ಭಯವನ್ನು ಹುಟ್ಟಿಸುವ ಕಥೆಗಳಿಗೆ ನಾವು ಎಡೆಗೊಡಬಾರದು.

ನಿಜವಾದ ಪ್ರಶ್ನೆ ಕಾಲದ್ದು. ರಿಯಾಕ್ಟರಿನ ಇಂಧನದಲ್ಲಿ ಹುಟ್ಟುವ ಸೀಸಿಯಮ್-137, ಸ್ಟ್ರಾನ್ಶಿಯಮ್-90 ಎಂಬ ವಿಕಿರಣ ಪದಾರ್ಥಗಳ ಅರ್ಧಾಯುಷ್ಯ ಸುಮಾರು 30 ವರ್ಷ. ಕೆಲವು ಶತಮಾನಗಳಲ್ಲಿ ಅವು ಬಹುಮಟ್ಟಿಗೆ ಕ್ಷಯಿಸುತ್ತವೆ. ಆಯುಧಗಳಲ್ಲಿರುವ ಪ್ಲುಟೋನಿಯಮ್-239ರ ಅರ್ಧಾಯುಷ್ಯ ಸುಮಾರು 24,100 ವರ್ಷ. ಇದು ನೀರಿನಲ್ಲಿ ಸುಲಭವಾಗಿ ಕರಗದೆ ತಳದ ಕೆಸರಿಗೆ ಅಂಟಿಕೊಂಡು ಉಳಿಯುತ್ತದೆ. ಅಬ್ರಹಾಮನ ಕಾಲದಿಂದ ಇಂದಿನವರೆಗೆ ಕಳೆದಿರುವುದು ಹೆಚ್ಚೆಂದರೆ ನಾಲ್ಕು ಸಾವಿರ ವರ್ಷ. ಒಂದು ಲೋಹದ ಒಡಲು ಅಷ್ಟು ಕಾಲ ಉಪ್ಪುನೀರನ್ನು ತಡೆದು ನಿಲ್ಲಲಾರದು. ಇಂದಲ್ಲ ನಾಳೆ ಅದು ತೆರೆದುಕೊಳ್ಳಲೇಬೇಕು.

‘ಕೊಮ್ಸೊಮೊಲೆಟ್ಸ್’ ಇದಕ್ಕೆ ಸಾಕ್ಷಿ. ಅದರ ಒಡಲು ಟೈಟಾನಿಯಮ್ಮಿನದು. 1990ರ ದಶಕದಲ್ಲಿ ಅದರ ಮುಂಭಾಗದ ರಂಧ್ರಗಳನ್ನು ಮುಚ್ಚುವ ಕಾರ್ಯ ನಡೆಯಿತು. 2019ರಲ್ಲಿ ನಾರ್ವೆಯ ಸಂಶೋಧಕರು 1,680 ಮೀಟರ್ ಆಳಕ್ಕೆ ದೂರನಿಯಂತ್ರಿತ ಯಂತ್ರವನ್ನು ಇಳಿಸಿ ಪರೀಕ್ಷಿಸಿದಾಗ, ನೌಕೆಯ ಒಂದು ಗಾಳಿಕೊಳವೆಯ ಬಾಯಲ್ಲಿ ತೆಗೆದ ನೀರಿನ ಮಾದರಿಯಲ್ಲಿ ಸೀಸಿಯಮ್ ಪ್ರಮಾಣವು ಆ ಸಮುದ್ರದ ಸಾಮಾನ್ಯ ಮಟ್ಟಕ್ಕಿಂತ ಲಕ್ಷಪಟ್ಟಿಗೂ ಮಿಗಿಲಾಗಿತ್ತು. ಆದರೆ ಕೆಲವೇ ಮೀಟರ್ ದೂರದಲ್ಲಿ ಅದು ನೀರಿನಲ್ಲಿ ಬೆರೆತು ತೆಳುವಾಗಿತ್ತು. ಮೀನಿಗೂ ಮನುಷ್ಯರಿಗೂ ಅಪಾಯವಿಲ್ಲವೆಂದು ಅವರು ತಿಳಿಸಿದರು. ಇಂದು ಅಪಾಯವಿಲ್ಲವೆಂಬುದು ಸಮಾಧಾನದ ಮಾತು. ಆದರೆ ಆ ಮಾತನ್ನು ಹೇಳುವುದಕ್ಕಾಗಿ ನಾರ್ವೆಯವರು ವರ್ಷವರ್ಷವೂ ಆ ಸಮುದ್ರದ ನೀರನ್ನು ಅಳೆಯಬೇಕಾಗಿದೆ. ತಾವು ಮಾಡದ ಆಯುಧಕ್ಕೆ ಅವರು ಕಾವಲುಗಾರರಾಗಿದ್ದಾರೆ. ಅವರ ಮೊಮ್ಮಕ್ಕಳೂ ಆಗಬೇಕಾಗುವುದು.

3. ಮರೆಮಾಚುವ ಭಾಷೆ

ಜಲಾಂತರ್ಗಾಮಿಯ ಬೆಲೆಯೇ ಅದರ ಅಡಗುವಿಕೆಯಲ್ಲಿದೆ. ಶತ್ರುವು ನೆಲದ ಮೇಲಿನ ಎಲ್ಲವನ್ನೂ ನಾಶಮಾಡಿದರೂ ನೀರಿನಡಿಯಲ್ಲಿ ಅಡಗಿರುವ ಒಂದು ನೌಕೆ ಮರುಹೊಡೆತ ಕೊಡಬಲ್ಲುದು. ಈ ಭಯವೇ ಯುದ್ಧವನ್ನು ತಡೆಯುವುದೆಂಬುದು ಪ್ರತಿಬಂಧಕ ನೀತಿಯ ತರ್ಕ. ಅಡಗಿರಲೆಂದು ಕಳುಹಿಸಿದ ನೌಕೆ ಅಪಘಾತಕ್ಕೆ ಸಿಕ್ಕಿದಾಗ, ಕಳುಹಿಸಿದವರಿಗೂ ಅದು ಅಡಗಿಹೋಗುತ್ತದೆ. ಆಮೇಲೆ ಮಾತೂ ಅಡಗುತ್ತದೆ.

‘ಟಿಕೊಂಡೆರೊಗ’ದ ಬಾಂಬಿನ ಸಂಗತಿಯನ್ನು ಅಮೆರಿಕ 1981ರಲ್ಲಿ ಪ್ರಕಟಿಸಿದಾಗ, ಅದು ನೆಲದಿಂದ 500 ಮೈಲಿ ದೂರದಲ್ಲಿ ಬಿದ್ದಿತೆಂದು ಹೇಳಲಾಗಿತ್ತು. ಜಪಾನಿನ ರ್ಯುಕ್ಯು ದ್ವೀಪಸರಣಿಯಿಂದ ಅದು ಕೇವಲ ಸುಮಾರು 80 ಮೈಲಿ ದೂರದಲ್ಲಿದೆಯೆಂಬ ಸತ್ಯ ಹೊರಬಂದದ್ದು 1989ರಲ್ಲಿ. ಕೆ-129ನ್ನು ಸೋವಿಯತ್ ನೌಕಾಪಡೆ ಹುಡುಕಿ ಸೋತ ಮೇಲೆ, ಅಮೆರಿಕದ ಬೇಹುಗಾರಿಕಾ ಸಂಸ್ಥೆಯು 1974ರಲ್ಲಿ ‘ಗ್ಲೋಮರ್ ಎಕ್ಸ್‌ಪ್ಲೋರರ್’ ಎಂಬ ಹಡಗಿನಿಂದ ಅದರ ಒಂದು ಭಾಗವನ್ನು ಗುಟ್ಟಾಗಿ ಮೇಲೆತ್ತಿತು. ಈ ವಿಷಯವನ್ನು ಪತ್ರಕರ್ತರು ಕೇಳಿದಾಗ ಸಂಸ್ಥೆಯು ಕೊಟ್ಟ ಉತ್ತರ, ದೃಢಪಡಿಸುವುದೂ ಇಲ್ಲ, ನಿರಾಕರಿಸುವುದೂ ಇಲ್ಲ ಎಂಬುದು. ಅಂದಿನಿಂದ ಅಮೆರಿಕದ ನ್ಯಾಯಾಲಯಗಳಲ್ಲಿ ಇಂಥ ಉತ್ತರಕ್ಕೆ ಆ ಹಡಗಿನ ಹೆಸರೇ ನಿಂತಿದೆ. ಪಾಪನಿವೇದನೆಯ ಆರಾಧನಾಕ್ರಮವನ್ನು ಪ್ರತಿ ಭಾನುವಾರ ನಡೆಸುವ ನಮಗೆ, ಈ ವಾಕ್ಯವು ನಿವೇದನೆಯ ನೇರ ವಿರುದ್ಧವೆಂದು ಹೇಳಬೇಕಾಗಿಲ್ಲ.

ಆದರೂ ಅದೇ ಕಾರ್ಯಾಚರಣೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಮೇಲೆ ಬಂದ ಭಾಗದಲ್ಲಿ ಆರು ಸೋವಿಯತ್ ನಾವಿಕರ ದೇಹಗಳಿದ್ದವು. ಅವರನ್ನು ಶತ್ರುಗಳೆಂದು ಎಣಿಸದೆ, ರಷ್ಯನ್ ಮತ್ತು ಇಂಗ್ಲಿಷ್ ಭಾಷೆಗಳಲ್ಲಿ ಸಂಸ್ಕಾರವಿಧಿಯನ್ನು ನಡೆಸಿ, ಗೌರವದಿಂದ ಮತ್ತೆ ಸಮುದ್ರಕ್ಕೆ ಒಪ್ಪಿಸಲಾಯಿತು. ಅದರ ಚಲನಚಿತ್ರವನ್ನು 1992ರಲ್ಲಿ ರಷ್ಯದ ಅಧ್ಯಕ್ಷ ಯೆಲ್ಟ್‌ಸಿನ್ ಅವರಿಗೆ ಒಪ್ಪಿಸಲಾಯಿತು. ಆಯುಧಗಳ ವಿಷಯದಲ್ಲಿ ಬಾಯಿ ಮುಚ್ಚಿದವರು ಸತ್ತವರ ವಿಷಯದಲ್ಲಿ ಕೊನೆಗೂ ಬಾಯಿ ತೆರೆದರು.

4. ನಮ್ಮ ನೆಲಕ್ಕೆ ಹತ್ತಿರ

ಇದು ದೂರದ ಎರಡು ಮಹಾಶಕ್ತಿಗಳ ಕಥೆಯೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. 1965ರಲ್ಲಿ ಚೀನದ ಕ್ಷಿಪಣಿ ಪರೀಕ್ಷೆಗಳನ್ನು ಗಮನಿಸುವುದಕ್ಕಾಗಿ ಅಮೆರಿಕದ ಹಾಗೂ ಭಾರತದ ಬೇಹುಗಾರಿಕಾ ಸಂಸ್ಥೆಗಳು ಜೊತೆಗೂಡಿ, ಪ್ಲುಟೋನಿಯಮ್ಮಿನಿಂದ ವಿದ್ಯುತ್ ಪಡೆಯುವ ಒಂದು ಯಂತ್ರವನ್ನು ನಂದಾದೇವಿ ಶಿಖರಕ್ಕೆ ಹೊರಿಸಿದವು. ಹವೆ ಕೆಟ್ಟದ್ದರಿಂದ ಪರ್ವತಾರೋಹಿಗಳು ಅದನ್ನು ದಾರಿಯಲ್ಲಿಯೇ ಬಿಟ್ಟು ಇಳಿದರು. ಮುಂದಿನ ವರ್ಷ ಹೋಗಿ ನೋಡಿದಾಗ ಅದು ಅಲ್ಲಿರಲಿಲ್ಲ, ಇಂದಿಗೂ ಸಿಕ್ಕಿಲ್ಲ. ಅದು ಆಯುಧವಲ್ಲ, ಹಾಗೂ ಹಿಮದಲ್ಲಿದೆಯೇ ಹೊರತು ಸಮುದ್ರದಲ್ಲಿಲ್ಲ. ಆದರೆ ಆ ಹಿಮದ ನೀರು ಗಂಗೆಗೆ ಸೇರುತ್ತದೆ. ಸಂಗತಿ ಬಯಲಾದ ಮೇಲೆ, 1978ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿಯವರು ಸಂಸತ್ತಿನಲ್ಲಿ ಅದನ್ನು ಒಪ್ಪಿಕೊಂಡರು.

ಭಾರತವು ಈಗ ಸ್ವತಃ ಪರಮಾಣುಚಾಲಿತ ಜಲಾಂತರ್ಗಾಮಿಗಳುಳ್ಳ ರಾಷ್ಟ್ರ. ‘ಅರಿಹಂತ್’ ನೌಕೆಯನ್ನು 2009ರ ಜುಲೈ 26ರಂದು ವಿಶಾಖಪಟ್ಟಣದಲ್ಲಿ ನೀರಿಗಿಳಿಸಲಾಯಿತು. ಅದರ ಮೊದಲ ಪ್ರತಿಬಂಧಕ ಗಸ್ತು ಮುಗಿದುದನ್ನು 2018ರ ನವೆಂಬರ್‌ನಲ್ಲಿ ಪ್ರಧಾನಿಯವರು ಪ್ರಕಟಿಸಿದರು. ‘ಅರಿಘಾತ್’ 2024ರ ಆಗಸ್ಟ್‌ನಲ್ಲಿ ಸೇವೆಗೆ ಸೇರಿತು. ಮೈಸೂರಿನ ಹೊರವಲಯದ ಸ್ಥಾವರದಲ್ಲಿ ಸಮೃದ್ಧಗೊಳಿಸಿದ ಯುರೇನಿಯಮ್ಮೇ ಈ ನೌಕೆಗಳ ಇಂಧನವೆಂಬುದು ಈ ಕ್ಷೇತ್ರದ ಪರಿಣತರ ಸಾಮಾನ್ಯ ಅಭಿಪ್ರಾಯ.

ಬೆಂಗಳೂರಿನ ಸಂಬಂಧವೂ ಕಡಿಮೆಯದಲ್ಲ. ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಬಿಇಎಲ್, ಕೊಚ್ಚಿಯ ನೌಕಾ ಪ್ರಯೋಗಾಲಯವು ರೂಪಿಸಿದ ‘ಉಷಸ್’ ಎಂಬ ಸೋನಾರನ್ನು ಭಾರತದ ಡೀಸೆಲ್ ಜಲಾಂತರ್ಗಾಮಿಗಳಿಗಾಗಿ ತಯಾರಿಸಿಕೊಟ್ಟಿತು. ಸೋನಾರ್ ಎಂದರೆ ನೀರಿನಡಿಯಲ್ಲಿ ಶಬ್ದದಿಂದ ಅರಿಯುವ ಕಿವಿ. ಅದರ ನೆರೆಯ ಪೀಣ್ಯದಲ್ಲಿ 1970ರ ದಶಕದಿಂದ ಬೆಳೆದ ಸಾವಿರಾರು ಸಣ್ಣ ಕಾರ್ಖಾನೆಗಳಲ್ಲಿ ಹಲವು, ವಿಮಾನ, ಬಾಹ್ಯಾಕಾಶ, ರಕ್ಷಣೆ ಉದ್ಯಮಗಳಿಗೆ ಜಾಬ್ ವರ್ಕ್ ಮಾಡಿಕೊಡುತ್ತವೆ. ಟರ್ನರ್ ಅಥವಾ ಫಿಟ್ಟರ್ ಕೈಗೆ ಬರುವುದು ಒಂದು ಡ್ರಾಯಿಂಗ್ ಮತ್ತು ಮೈಕ್ರಾನ್‌ಗಳ ಲೆಕ್ಕ. ತಾನು ಕಡೆದ ಭಾಗವು ಎಲ್ಲಿ ಹೋಗಿ ಕೂರುತ್ತದೆಂಬುದು ಆತನಿಗೆ ತಿಳಿದಿರಬೇಕೆಂದೇನೂ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ವಿನ್ಯಾಸದ ಕೆಲಸ ಮಾಡುವ ಎಂಜಿನಿಯರಿನ ಸ್ಥಿತಿಯೂ ಬಹುಮಟ್ಟಿಗೆ ಇದೇ. ಇವರು ನಮ್ಮ ಸಭೆಗಳ ದೇವಜನರು.

5. ಮೀಕನ ಸಮುದ್ರ, ಮೀಕನ ಕುಲುಮೆ

ಈಗ ಪ್ರವಾದಿಯ ಕಡೆಗೆ ಹಿಂದಿರುಗೋಣ. ಮೀಕ 7:19ರಲ್ಲಿ ಸಮುದ್ರದ ಆಳಕ್ಕೆ ಬಳಸಿರುವ ಇಬ್ರಿಯ ಪದವೇ ವಿಮೋಚನಕಾಂಡ 15:5ರಲ್ಲಿಯೂ ಬಂದಿದೆ. ಅಲ್ಲಿ ಆ ಆಳಕ್ಕೆ ಇಳಿದದ್ದು ಫರೋಹನ ರಥಗಳೂ ಸೈನ್ಯವೂ. ಸತ್ಯವೇದದಲ್ಲಿ ಸಮುದ್ರದ ತಳ ಸೇರಿದ ಮೊದಲ ಆಯುಧಗಳು ಅವು. ದಾಸತ್ವದಲ್ಲಿಟ್ಟಿದ್ದ ಶಕ್ತಿಯನ್ನು ದೇವರು ಮುಳುಗಿಸಿದಂತೆ, ನಮ್ಮನ್ನು ದಾಸರಾಗಿಸಿರುವ ಪಾಪವನ್ನೂ ಮುಳುಗಿಸುವನೆಂಬುದು ಮೀಕನ ಭಾವ. ಎರಡು ಸಂದರ್ಭಗಳಲ್ಲಿಯೂ ಎಸೆಯುವವನು ದೇವರು. ಅಡಗಿಸುವುದಕ್ಕಾಗಿ ಆತನು ಎಸೆಯುವುದಿಲ್ಲ, ಬಿಡಿಸುವುದಕ್ಕಾಗಿ ಎಸೆಯುತ್ತಾನೆ.

ಇದಕ್ಕಿಂತ ಮುಖ್ಯವಾದುದು ಅಧ್ಯಾಯದ ಕ್ರಮ. ಹತ್ತೊಂಬತ್ತನೆಯ ವಚನಕ್ಕೆ ಬರುವ ಮೊದಲು ಒಂಬತ್ತನೆಯ ವಚನವಿದೆ. ಅಲ್ಲಿ ಮಾತನಾಡುವವನು ತಾನು ಕರ್ತನಿಗೆ ವಿರೋಧವಾಗಿ ಪಾಪಮಾಡಿದೆನೆಂದು ಬಾಯಿಬಿಟ್ಟು ಒಪ್ಪಿಕೊಂಡು, ಅದರ ಫಲವನ್ನು ಹೊರಲು ಸಿದ್ಧನಾಗುತ್ತಾನೆ. ಹೆಸರಿಟ್ಟು ಹೇಳಿದ ಪಾಪವೇ ಸಮುದ್ರಕ್ಕೆ ಹೋಗುತ್ತದೆ. ಯೆಹೂದ್ಯರು ಹೊಸವರ್ಷದ ಸಮಯದಲ್ಲಿ ನೀರಿನ ದಡಕ್ಕೆ ಹೋಗಿ ಆಚರಿಸುವ ‘ತಷ್ಲೀಖ್’ ಎಂಬ ವಿಧಿಯ ಹೆಸರು ಈ ವಚನದ ಕ್ರಿಯಾಪದವೇ. ಪಶ್ಚಾತ್ತಾಪದ ದಿನಗಳಲ್ಲಿಯೇ ಅದು ನಡೆಯುವುದು. ಇದಕ್ಕೆ ವಿರುದ್ಧವಾದ ಉದಾಹರಣೆ ಯೆಹೋಶುವ 7ರ ಆಕಾನನದು. ಆತನು ಕದ್ದುದನ್ನು ತನ್ನ ಗುಡಾರದ ನೆಲದಡಿಯಲ್ಲಿ ಹೂತಿಟ್ಟನು. ಕಣ್ಣಿಗೆ ಕಾಣದ ಆ ವಸ್ತುವಿನ ಭಾರವನ್ನು ಇಡೀ ಪಾಳೆಯವು ಹೊರಬೇಕಾಯಿತು. ಸಾಗರತಳದಲ್ಲಿ ಬಿಟ್ಟುಬಂದ ಆಯುಧಗಳು ಮೀಕನ ಸಮುದ್ರದಲ್ಲಿ ಇಲ್ಲ, ಆಕಾನನ ಗುಡಾರದಡಿಯಲ್ಲಿವೆ.

ಹಾಗಾದರೆ ಮೀಕನು ಆಯುಧಗಳನ್ನು ಏನು ಮಾಡಬೇಕೆನ್ನುತ್ತಾನೆ? ಅದಕ್ಕೆ ಆತನ ಗ್ರಂಥದಲ್ಲಿಯೇ ಇನ್ನೊಂದು ಚಿತ್ರವಿದೆ (ಮೀಕ 4:3). ಜನಾಂಗಗಳು ತಮ್ಮ ಕತ್ತಿಗಳನ್ನು ಬಡಿದು ನೇಗಿಲಿನ ಗುಳಗಳನ್ನಾಗಿ ಮಾಡುವ ಚಿತ್ರವದು. ಇದು ಕಮ್ಮಾರನ ಕೆಲಸ. ಇಲ್ಲಿ ಆಯುಧವನ್ನು ಯಾರೂ ನೀರಿಗೆಸೆಯುವುದಿಲ್ಲ. ಬೆಂಕಿಗೆ ಹಿಡಿದು, ಅಡಿಗಲ್ಲಿನ ಮೇಲಿಟ್ಟು, ಬೆವರು ಸುರಿಸಿ ಬೇರೆ ರೂಪಕ್ಕೆ ತರುತ್ತಾರೆ. ಪಾಪವನ್ನು ಸಮುದ್ರಕ್ಕೆ ಹಾಕುವುದು ದೇವರ ಕಾರ್ಯ. ಆಯುಧವನ್ನು ಕುಲುಮೆಗೆ ತರುವುದು ಮನುಷ್ಯರ ಕಾರ್ಯ. ಮನುಷ್ಯರು ಆಯುಧವನ್ನು ಸಮುದ್ರಕ್ಕೆ ಹಾಕಿ ಕೈತೊಳೆದುಕೊಂಡರೆ, ದೇವರ ಕಾರ್ಯವನ್ನು ತಾವು ಮಾಡಿದಂತೆ ನಟಿಸಿ ತಮ್ಮ ಕಾರ್ಯವನ್ನು ಬಿಟ್ಟಂತಾಗುತ್ತದೆ.

ಇದು ಕೇವಲ ಕನಸೆನ್ನುವವರಿಗೆ ಒಂದು ಸಂಗತಿಯನ್ನು ತೋರಿಸಬಹುದು. 1993ರ ಒಪ್ಪಂದವೊಂದರ ಪ್ರಕಾರ ರಷ್ಯವು ತನ್ನ ಸಿಡಿತಲೆಗಳಿಂದ ತೆಗೆದ 500 ಟನ್ ಸಮೃದ್ಧ ಯುರೇನಿಯಮ್ಮನ್ನು ತೆಳುಗೊಳಿಸಿ ಅಮೆರಿಕದ ವಿದ್ಯುತ್ ಸ್ಥಾವರಗಳಿಗೆ ಇಂಧನವಾಗಿ ಮಾರಿತು. ಸುಮಾರು 20,000 ಸಿಡಿತಲೆಗಳಿಗೆ ಸಾಕಾಗುವಷ್ಟು ಪದಾರ್ಥವದು. ಕೊನೆಯ ಸರಕು 2013ರಲ್ಲಿ ತಲುಪಿತು. ಅಣುವಿದ್ಯುತ್ತಿನ ವಿಷಯದಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಇದು ಕುಲುಮೆಯ ಕೆಲಸವೆಂಬುದನ್ನು ಒಪ್ಪಲೇಬೇಕು.

ಇದಕ್ಕೆ ಹೋಲಿಸಿದರೆ ಸಮುದ್ರದ ಕಾನೂನು ಇನ್ನೂ ಹಿಂದಿದೆ. 1971ರ ಸಾಗರತಳ ಒಪ್ಪಂದವು, ಕರಾವಳಿಯಿಂದ 12 ಮೈಲಿಯಾಚೆಗೆ ತಳದ ಮೇಲೆ ಅಣ್ವಸ್ತ್ರಗಳನ್ನು ಸ್ಥಾಪಿಸುವುದನ್ನು ನಿಷೇಧಿಸುತ್ತದೆ. ಭಾರತವೂ ಅದಕ್ಕೆ ಸೇರಿದೆ. ಬೇಕೆಂದು ಇಡುವುದು ತಪ್ಪೆಂದು ಅದು ಹೇಳುತ್ತದೆ. ಬಿದ್ದುದನ್ನು ಹುಡುಕಿ ತೆಗೆಯಬೇಕೆಂಬ ಹೊಣೆಯನ್ನು ಅದು ಯಾರ ಮೇಲೂ ಹೊರಿಸುವುದಿಲ್ಲ.

6. ಕಾರ್ಖಾನೆ ಪ್ರದೇಶದ ಸಭಾಪಾಲನೆ

ಪೀಣ್ಯದ ಸಭೆಯೊಂದರಲ್ಲಿ ಆರಾಧನೆಯಾದ ಮೇಲೆ ಸಿಎನ್‌ಸಿ ಯಂತ್ರದ ಕೆಲಸಗಾರರೊಬ್ಬರು ಯುವ ಪಾಲಕರ ಬಳಿಗೆ ಬಂದು, “ಅಯ್ಯನವರೇ, ನಾನು ಮಾಡುವ ಭಾಗ ಆಯುಧಕ್ಕೆ ಹೋಗುವುದಾದರೆ ಅದು ಪಾಪವೇ?” ಎಂದು ಕೇಳಿದರೆಂದು ಭಾವಿಸೋಣ. ಏನು ಹೇಳಬೇಕು? ದೇಶರಕ್ಷಣೆ ಧರ್ಮಸಮ್ಮತವೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದ ಆಧಾರದಿಂದ ನಂಬುವವರು ನಮ್ಮ ಸಭೆಗಳಲ್ಲಿ ಬಹುಮಂದಿಯಿದ್ದಾರೆ. ಅಣ್ವಸ್ತ್ರಗಳ ತಯಾರಿಕೆ, ನಿಯೋಜನೆ, ಬಳಕೆಗಳು ಮಾನವಕುಲದ ವಿರುದ್ಧವಾದ ಅಪರಾಧವೆಂದು 1983ರಲ್ಲಿ ವ್ಯಾಂಕೂವರಿನಲ್ಲಿ ಕೂಡಿದ ಸಭೆಗಳ ಲೋಕಪರಿಷತ್ತಿನ ಮಹಾಸಭೆಯು ಹೇಳಿತು. 2019ರ ನವೆಂಬರ್‌ನಲ್ಲಿ ಹಿರೋಶಿಮಾದಲ್ಲಿ ಪೋಪ್ ಫ್ರಾನ್ಸಿಸರು ಅವುಗಳನ್ನು ಇಟ್ಟುಕೊಳ್ಳುವುದೂ ಅನೈತಿಕವೆಂದರು. ಈ ಎರಡು ನಿಲುವುಗಳ ನಡುವೆ ನಿಂತಿರುವ ಕೆಲಸಗಾರನ ಮೇಲೆ ಇಡೀ ರಾಷ್ಟ್ರನೀತಿಯ ಭಾರವನ್ನು ಹೊರಿಸುವುದು ನ್ಯಾಯವಲ್ಲ. ಸ್ನಾನಿಕನಾದ ಯೋಹಾನನು ತನ್ನ ಬಳಿಗೆ ಬಂದ ಸಿಪಾಯಿಗಳನ್ನು ಓಡಿಸಲಿಲ್ಲ. ಅವರ ಕೆಲಸದೊಳಗಿನ ಸತ್ಯಕ್ಕೂ ನ್ಯಾಯಕ್ಕೂ ಅವರನ್ನು ಕರೆದನು (ಲೂಕ 3:14). ಮನಸ್ಸಾಕ್ಷಿಯ ಕಾರಣದಿಂದ ಯಾರಾದರೂ ಆ ಕೆಲಸವನ್ನು ಬಿಡುವುದಾದರೆ ಅವರ ಕುಟುಂಬದ ಬೆಂಬಲಕ್ಕೆ ಸಭೆ ನಿಲ್ಲಬೇಕು. ಬಿಡಲಾಗದವರಿಗೂ ಸಭೆಯಲ್ಲಿ ಸ್ಥಳವಿರಬೇಕು.

ಇಂಥವರಿಗೆ ಹೇಳಲು ‘ಥ್ರೆಶರ್’ ಕಥೆಯಲ್ಲಿಯೇ ಒಂದು ಪಾಠವಿದೆ. ಸಮುದ್ರದ ನೀರನ್ನು ಒಯ್ಯುವ ಕೊಳವೆಯ ಬ್ರೇಜಿಂಗ್ ಬೆಸುಗೆಯೊಂದು ಬಿಟ್ಟುಕೊಂಡಿರಬೇಕೆಂದು ವಿಚಾರಣಾ ಮಂಡಳಿ ಅಭಿಪ್ರಾಯಪಟ್ಟಿತು. ದುರಂತಕ್ಕೆ ಮೊದಲೇ ಆ ನೌಕೆಯ 145 ಬೆಸುಗೆಗಳನ್ನು ಪರೀಕ್ಷಿಸಿದಾಗ ಶೇಕಡ 14ರಷ್ಟು ಮಟ್ಟಕ್ಕಿಂತ ಕೆಳಗಿದ್ದವು; ಉಳಿದವನ್ನು ಪರೀಕ್ಷಿಸದೆ ನೌಕೆಯನ್ನು ಕಳುಹಿಸಲಾಗಿತ್ತು. ದುರಂತದ ನಂತರ ಅಮೆರಿಕದ ನೌಕಾಪಡೆಯು ‘ಸಬ್‌ಸೇಫ್’ ಎಂಬ ಕ್ರಮವನ್ನು ತಂದಿತು. ಪ್ರಾಣಾಧಾರವಾದ ಪ್ರತಿಯೊಂದು ಭಾಗಕ್ಕೂ ಯಾರು ಮಾಡಿದರು, ಯಾರು ಪರೀಕ್ಷಿಸಿದರು ಎಂಬ ದಾಖಲೆ ಇರಲೇಬೇಕೆಂಬುದು ಅದರ ನಿಯಮ. ಆ ಕ್ರಮದ ಪ್ರಮಾಣಪತ್ರ ಪಡೆದ ಯಾವ ಜಲಾಂತರ್ಗಾಮಿಯೂ ಅಂದಿನಿಂದ ಮುಳುಗಿಲ್ಲ. ‘ಸ್ಕಾರ್ಪಿಯನ್’ಗೆ ಆ ಪ್ರಮಾಣಪತ್ರವಿರಲಿಲ್ಲ. ಹೆಸರಿಟ್ಟು ಒಪ್ಪಿಕೊಂಡ ತಪ್ಪಿನಿಂದ ಜೀವಗಳು ಉಳಿದವು. ಇನ್‌ಸ್ಪೆಕ್ಷನ್ ಪುಸ್ತಕದಲ್ಲಿ ಸುಳ್ಳು ಅಳತೆಯನ್ನು ಬರೆಯಲು ಒಪ್ಪದ ಕೆಲಸಗಾರನು ಮಾಡುತ್ತಿರುವುದು ಪಾಪನಿವೇದನೆಯ ನೆರೆಯ ಕಾರ್ಯವೇ.

ಎರಡನೆಯದಾಗಿ, ಸತ್ತವರಿಗಾಗಿ ದುಃಖಿಸುವುದನ್ನು ಸಭೆಯು ಮರೆಯಬಾರದು. ಕೆ-219ರಲ್ಲಿ ಸೆರ್ಗೆಯ್ ಪ್ರೆಮಿನಿನ್ ಎಂಬ ಇಪ್ಪತ್ತು ವರ್ಷದ ನಾವಿಕನು ಬಿಸಿಯಿಂದ ಕುದಿಯುತ್ತಿದ್ದ ರಿಯಾಕ್ಟರ್ ಕೋಣೆಗೆ ಹೋಗಿ, ನಿಯಂತ್ರಕ ಸಲಾಕೆಗಳನ್ನು ಕೈಯಿಂದಲೇ ಇಳಿಸಿ, ಹಿಂದಿರುಗಲು ಬಾಗಿಲು ತೆರೆಯದೆ ಒಳಗೇ ಸತ್ತನು. ಆತನು ಕಾಪಾಡಿದವರಲ್ಲಿ ಆತನ ಶತ್ರುರಾಷ್ಟ್ರದ ಕರಾವಳಿಯ ಜನರೂ ಸೇರಿದ್ದರು. 1971ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದ ಬಳಿ ಮುಳುಗಿದ ಪಾಕಿಸ್ತಾನದ ‘ಗಾಜಿ’ ಜಲಾಂತರ್ಗಾಮಿಯ ನಾವಿಕರು ನಮ್ಮ ಸಮುದ್ರದಲ್ಲಿಯೇ ಮಲಗಿದ್ದಾರೆ. ಅದು ಅಣ್ವಸ್ತ್ರದ ನೌಕೆಯಲ್ಲ. ಯುದ್ಧದಲ್ಲಿ ಹೋದ ನೌಕೆ. ಮೃತರ ಮೇಲಿನ ಗೌರವದಿಂದ ಆ ಅವಶೇಷವನ್ನು ಭಾರತೀಯ ನೌಕಾಪಡೆಯು ಮುಟ್ಟಿಲ್ಲವೆಂದು 2024ರಲ್ಲಿ ವರದಿಯಾಯಿತು. 2013ರ ಆಗಸ್ಟ್ 14ರಂದು ಮುಂಬಯಿ ಬಂದರಿನಲ್ಲಿ ನಮ್ಮದೇ ‘ಸಿಂಧುರಕ್ಷಕ್’ನಲ್ಲಿ 18 ಮಂದಿ ಸತ್ತರು. ಸಮುದ್ರವು ತನ್ನಲ್ಲಿರುವ ಸತ್ತವರನ್ನು ಒಪ್ಪಿಸುವ ದಿನವನ್ನು ಪ್ರಕಟನೆಯ ಗ್ರಂಥವು ಕಾಣುತ್ತದೆ (20:13). ಅಲ್ಲಿ ಧ್ವಜಗಳ ಪ್ರಕಾರ ವಿಂಗಡಣೆಯಿಲ್ಲ. ಸಕಲ ಭಕ್ತರ ದಿನದ ಪ್ರಾರ್ಥನೆಯಲ್ಲಿ ಇವರೆಲ್ಲರಿಗೂ ಒಂದು ವಾಕ್ಯವಿರಲಿ.

ಮೂರನೆಯದಾಗಿ, ಆಳದಿಂದ ಬರುವ ಕೂಗಿಗೆ ಕಿವಿಗೊಡುವ ಕೆಲಸವೂ ನಮ್ಮ ಪ್ರದೇಶದಲ್ಲಿಯೇ ನಡೆಯುತ್ತಿದೆಯೆಂಬುದನ್ನು ಜನರಿಗೆ ತಿಳಿಸೋಣ. ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಸಂಸ್ಥೆಯೊಳಗೆ, ಸಂಕಟಕ್ಕೆ ಸಿಕ್ಕಿದ ಹಡಗುಗಳ ಹಾಗೂ ವಿಮಾನಗಳ ಸಂಕೇತಗಳನ್ನು ಉಪಗ್ರಹಗಳ ಮೂಲಕ ಹಿಡಿದು ರಕ್ಷಣಾ ಪಡೆಗಳಿಗೆ ತಿಳಿಸುವ ಭಾರತದ ನಿಯಂತ್ರಣ ಕೇಂದ್ರವಿದೆ. ನಮ್ಮ ನೆರೆರಾಷ್ಟ್ರಗಳಲ್ಲಿ ಹಲವಕ್ಕೂ ಅದು ಸೇವೆ ಮಾಡುತ್ತದೆ. ಈ ಅಂತರರಾಷ್ಟ್ರೀಯ ವ್ಯವಸ್ಥೆಗೆ 1979ರಲ್ಲಿ ಅಡಿಪಾಯ ಹಾಕಿದವರಲ್ಲಿ ಅಮೆರಿಕವೂ ಸೋವಿಯತ್ ಒಕ್ಕೂಟವೂ ಇದ್ದವು. ಪರಸ್ಪರರ ವಿರುದ್ಧ ಸಮುದ್ರದಡಿಯಲ್ಲಿ ಅಡಗಿಕೊಂಡಿದ್ದ ಆ ಎರಡು ರಾಷ್ಟ್ರಗಳೇ, ಸಮುದ್ರದ ಮೇಲೆ ಕೂಗುವವನ ರಾಷ್ಟ್ರ ಯಾವುದೆಂದು ಕೇಳದೆ ಕಿವಿಗೊಡಲು ಒಪ್ಪಿದವು. ಮೀನಿನ ಹೊಟ್ಟೆಯೊಳಗಿನಿಂದ ಯೋನನು ಕೂಗಿದಾಗ ದೇವರು ಕೇಳಿದನೆಂದು ಬೋಧಿಸುವ ನಾವು, ಅಂಥ ಕೂಗನ್ನು ಕೇಳುವ ಕೆಲಸಕ್ಕೆ ಹಗಲಿರುಳು ಕುಳಿತಿರುವವರಿಗಾಗಿ ದೇವರನ್ನು ಸ್ತುತಿಸಬಹುದು.

‘ಥ್ರೆಶರ್’ ಮುಳುಗಿದ 1963ರಲ್ಲಿಯೇ ಎಂ. ಎ. ಥಾಮಸರು ವೈಟ್‌ಫೀಲ್ಡ್‌ನಲ್ಲಿ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರನ್ನು ಆರಂಭಿಸಿದರು. ಸಭಾಭೇದಗಳನ್ನು ದಾಟಿ ಸಮಾಜದ ಪ್ರಶ್ನೆಗಳನ್ನು ಒಟ್ಟಿಗೆ ಕುಳಿತು ವಿಚಾರಿಸುವುದು ಅದರ ಪರಂಪರೆ. ಅಂಥ ಮೇಜಿನ ಸುತ್ತ ಇನ್ನು ಮುಂದೆ ದೈವಶಾಸ್ತ್ರಜ್ಞರ ಜೊತೆಗೆ ಜಾಲಹಳ್ಳಿಯ ತಂತ್ರಜ್ಞರೂ ಪೀಣ್ಯದ ಫಿಟ್ಟರುಗಳೂ ಕುಳಿತುಕೊಳ್ಳಬೇಕೆಂಬುದು ನಮ್ಮ ಬಿನ್ನಹ. ಕುಲುಮೆಯ ಕೆಲಸವನ್ನು ಬಲ್ಲವರು ಅವರು. ಮೀಕನ ದರ್ಶನದ ದಿನವು ಬಂದಾಗ ಸುತ್ತಿಗೆಯನ್ನು ಹಿಡಿಯಬೇಕಾದ ಕೈಗಳೂ ಅವರವೇ.